ಕರ್ಜತ್‌ನ ಜಾಗವೂ ಅತ್ತಿಗೆಯ ಸ್ಟೋರಿಯೂ

ಇನ್‌ಸ್ಟಾಗ್ರಾಮ್‌ನಲ್ಲಿ ಒಬ್ಬರು ಹೆಚ್ಚೆಂದರೆ 7500 ಖಾತೆಗಳನ್ನು ಫಾಲೋ ಮಾಡಬಹುದು. ಫೇಸ್‌ಬುಕ್‌ನಲ್ಲಿ ಗೆಳೆಯರ ಮಿತಿ 5000. ಆದರೆ ಮನುಷ್ಯನ ತಲೆ ಸುಮಾರು 150 ಜನರ ಒಡನಾಟವನ್ನಷ್ಟೇ ಸರಿಯಾಗಿ ನಿಭಾಯಿಸಬಲ್ಲದು ಎಂದು ರಾಬಿನ್ ಡನ್‌ಬಾರ್ ಎಂಬ ಬ್ರಿಟಿಷ್ ವಿದ್ವಾಂಸರು 1990ರ ದಶಕದಲ್ಲೇ ಅಂದಾಜು ಮಾಡಿದ್ದರು. ಅವರು ಮುಂಬೈ ಕನ್ನಡಿಗರ ಮದುವೆಗೆ ಬಂದವರಲ್ಲವೆಂದು ತೋರುತ್ತದೆ. ಇಲ್ಲಿ ಮೊದಲ ಪಂಕ್ತಿಯ ಊಟಕ್ಕೇ ಆ ಲೆಕ್ಕ ತೀರಿಹೋಗುತ್ತದೆ, ಎರಡನೆಯ ಪಂಕ್ತಿಗೆಂದು ಬೆನ್ನ ಹಿಂದೆ ಕಾದು ನಿಂತವರೂ ನಮ್ಮವರೇ ಆಗಿರುತ್ತಾರೆ. ಇವರಲ್ಲಿ ಯಾರನ್ನು ಫಾಲೋ ಮಾಡಬೇಕು, ಯಾರನ್ನು ಬಿಡಬೇಕು ಎಂಬುದು ಅಭಿರುಚಿಯ ಪ್ರಶ್ನೆಯೇ ಅಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಬರಬೇಕು ಎಂಬಷ್ಟೇ ಸೂಕ್ಷ್ಮವಾದ ರಾಜಕಾರಣ.

ಸರಕಾರಿ ಖಾತೆಗಳ ವಿಷಯದಲ್ಲಿ ಈ ತೊಂದರೆಯಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಟ್ವಿಟರ್ ಇನ್ನೂ ಹುಟ್ಟಿರಲಿಲ್ಲ. ಈಗ ಕುರ್ಲಾ ಹಾಗೂ ಸಾಯನ್ ನಡುವೆ ಹಳಿಗಳ ಮೇಲೆ ನೀರು ನಿಂತರೆ ಆ ಸುದ್ದಿ ಡೊಂಬಿವಲಿಯ ಪ್ಲಾಟ್‌ಫಾರ್ಮ್‌ನಲ್ಲಿರುವಾಗಲೇ ನನ್ನ ಕೈಗೆ ಬರುತ್ತದೆ. ಬಂದ ಮೇಲೂ ನಾನು ಅದೇ ರೈಲನ್ನು ಹತ್ತುತ್ತೇನೆ ಎಂಬುದು ಬೇರೆ ಮಾತು. ಮುಂಬೈ ಪೊಲೀಸರು 2015ರ ಡಿಸೆಂಬರ್‌ನಿಂದ, ಈಗ ಎಕ್ಸ್ ಎನಿಸಿಕೊಂಡಿರುವ ಟ್ವಿಟರ್‌ನಲ್ಲಿದ್ದು, ಹೆಲ್ಮೆಟ್ಟಿನ ಬಗ್ಗೆಯೂ ನಗಿಸುವಂತೆ ಬರೆಯುತ್ತಾರೆ. ಅವರನ್ನು ನಾಳೆ ನಾನು ಬಿಟ್ಟುಬಿಟ್ಟರೆ ಯಾರೂ ಜೀಪಿನಲ್ಲಿ ಬಂದು ಕಾರಣ ಕೇಳುವುದಿಲ್ಲ. ಕಾರಣ ಕೇಳುವವರು ನೆಂಟರು.

ನಾವು ಯಾರನ್ನು ಫಾಲೋ ಮಾಡುತ್ತೇವೆ ಎಂಬುದು ನಮ್ಮ ಖಾಸಗಿ ಸಂಗತಿಯೆಂಬ ನಂಬಿಕೆ ನನಗೂ ಇತ್ತು. ಕರ್ಜತ್ ಕಡೆಯ ಜಮೀನು ಮಾರುವವರೊಬ್ಬರ ಖಾತೆಯಲ್ಲಿ ಮಳೆಗಾಲದ ಬೆಟ್ಟಗಳು, ಅವುಗಳಿಂದ ಇಳಿಯುವ ತೊರೆಗಳು ಅಂದವಾಗಿ ಕಾಣುತ್ತಿದ್ದುದರಿಂದ, ಲೋಕಲ್ ರೈಲಿನಲ್ಲಿ ಇನ್ನೊಬ್ಬರ ಚೀಲಕ್ಕೆ ಮುಖವೊತ್ತಿ ನಿಲ್ಲುವ ಹೊತ್ತಿನಲ್ಲಿ ನೋಡಲು ಒಳ್ಳೆಯದೆಂದು ಅದನ್ನು ಫಾಲೋ ಮಾಡಿದೆ. ಆದರೆ ಇನ್‌ಸ್ಟಾಗ್ರಾಮ್, ಒಂದು ಖಾತೆಯನ್ನು ನಮ್ಮ ಪರಿಚಯದವರು ಯಾರು ಯಾರು ಫಾಲೋ ಮಾಡುತ್ತಿದ್ದಾರೆ ಎಂಬುದನ್ನು ಆ ಖಾತೆಯ ಹೆಸರಿನ ಕೆಳಗೇ ಬರೆದು ತೋರಿಸುತ್ತದೆ. ನನ್ನ ಸೋದರಳಿಯ ಅದನ್ನು ಕಂಡು ತನ್ನ ತಾಯಿಗೆ ಹೇಳಿದ. ಅವಳಿಗೆ ಹೇಳಿದ ಮೇಲೆ ಇನ್‌ಸ್ಟಾಗ್ರಾಮ್‌ನ ಅವಶ್ಯಕತೆಯೇ ಉಳಿಯಲಿಲ್ಲ. ಆ ಭಾನುವಾರ ಮಾಟುಂಗಾದಲ್ಲಿ ತಾಳಮದ್ದಳೆ ಕೇಳುತ್ತ ಕುಳಿತಿದ್ದಾಗ, ಶ್ರೀಕೃಷ್ಣ ಸಂಧಾನಕ್ಕೆ ಹೊರಟು ನಿಂತ ಘಟ್ಟದಲ್ಲಿ, ಹಿಂದಿನ ಸಾಲಿನಿಂದ ದೂರದ ಸಂಬಂಧದ ಮಾವನವರು ಬಾಗಿ, “ಗುಂಟೆಗೆ ಎಷ್ಟು ಬಿತ್ತು ಮಾರಾಯ?” ಎಂದು ಕಿವಿಯಲ್ಲಿ ಕೇಳಿದರು. ನಾನು ಏನನ್ನೂ ಕೊಂಡಿಲ್ಲವೆಂದು ಹೇಳಿದಷ್ಟೂ, ಆದಾಯ ತೆರಿಗೆಯವರಿಗೆ ಹೆದರಿ ಮುಚ್ಚಿಡುತ್ತಿದ್ದೇನೆ ಎಂಬ ಅವರ ಅನುಮಾನ ಬಲವಾಯಿತು. ಬೇಸತ್ತು ಆ ಖಾತೆಯನ್ನು ಅನ್‌ಫಾಲೋ ಮಾಡಿದೆ. ಮರುವಾರದ ಸುದ್ದಿ ಹೀಗಿತ್ತು: ಪಾಪ, ಕರ್ಜತ್‌ನ ವ್ಯವಹಾರ ಮುರಿದುಬಿತ್ತಂತೆ, ಮುಂಗಡ ಹಣವೂ ಹೋಯಿತಂತೆ.

ನಮ್ಮ ಸಂಘದ ಚುನಾವಣೆಯಲ್ಲಿ ಎರಡು ಪ್ಯಾನೆಲ್‌ಗಳು ನಿಂತಾಗಲೂ ಇದೇ ಕಥೆ. ಒಂದನ್ನು ಫಾಲೋ ಮಾಡಿದರೆ ಇನ್ನೊಂದಕ್ಕೆ ಶತ್ರು. ಎರಡನ್ನೂ ಮಾಡಿದವನನ್ನು ಎರಡು ಕಡೆಯವರೂ ಗೂಢಚಾರನೆಂದು ನೋಡುತ್ತಾರೆ.

ಇಂಥ ಇಕ್ಕಟ್ಟಿಗೆಂದೇ ಇನ್‌ಸ್ಟಾಗ್ರಾಮ್ 2018ರಲ್ಲಿ ಮ್ಯೂಟ್ ಎಂಬ ಸೌಲಭ್ಯವನ್ನು ತಂದಿತು. ಫಾಲೋ ಮಾಡುತ್ತಿರುವಂತೆಯೇ ಇರಬಹುದು, ಅವರು ಹಾಕಿದ್ದು ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಹೀಗೆ ಮಾಡಿದ್ದು ಅವರಿಗೆ ತಿಳಿಯುವುದೂ ಇಲ್ಲ. ಮುಲುಂಡ್‌ನಲ್ಲಿರುವ ಅತ್ತಿಗೆಯವರು ಪ್ರತಿದಿನವೂ ಬೆಳಗಿನ ನೀರ್ ದೋಸೆಯಿಂದ ರಾತ್ರಿಯ ಮಜ್ಜಿಗೆಯವರೆಗೆ ಎಲ್ಲವನ್ನೂ ಹಿನ್ನೆಲೆ ಸಂಗೀತದೊಂದಿಗೆ ಪ್ರಕಟಿಸುವವರಾದ್ದರಿಂದ, ಪೋಸ್ಟ್ ಮತ್ತು ಸ್ಟೋರಿ ಎರಡನ್ನೂ ಮ್ಯೂಟ್ ಮಾಡಿ ನೆಮ್ಮದಿಯಾಗಿದ್ದೆ. ನನ್ನ ಹೆಂಡತಿ ಫೋನಿನಲ್ಲಿ ನೆಂಟರಾರನ್ನೂ ಫಾಲೋ ಮಾಡುವುದಿಲ್ಲ. ಅವಳು ಒರಟಾಗಿ ನಡೆದುಕೊಳ್ಳುತ್ತಿದ್ದಾಳೆಂದೂ ನಾನು ನಯವಾಗಿ ನಡೆದುಕೊಳ್ಳುತ್ತಿದ್ದೇನೆಂದೂ ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಅತ್ತಿಗೆಯವರ ಮೊಮ್ಮಗುವಿನ ನಾಮಕರಣಕ್ಕೆಂದು ನಾವಿಬ್ಬರೂ ರೇಷ್ಮೆಯುಟ್ಟು ಮುಲುಂಡ್‌ನ ಸಭಾಗೃಹಕ್ಕೆ ಹೋದಾಗ ಅದರ ಬಾಗಿಲಿಗೆ ಬೀಗವಿತ್ತು. ಒಳಗೆ ಬಣ್ಣ ಬಳಿಯುವ ಕೆಲಸ ನಡೆಯುತ್ತಿದೆಯೆಂದು ಕಾವಲುಗಾರ ಮರಾಠಿಯಲ್ಲಿ ಹೇಳಿದ. ಗಾಬರಿಯಿಂದ ಅತ್ತಿಗೆಯವರಿಗೆ ಫೋನ್ ಮಾಡಿದೆ.

“ಐರೋಳಿಯ ಹಾಲ್‌ಗೆ ಬದಲಾಯಿಸಿದೆವಲ್ಲ, ಸ್ಟೋರಿ ಹಾಕಿದ್ದೆ. ಫಾಲೋ ಮಾಡದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ತಿಳಿಸಿದೆ. ನೀವು ಹೇಗೂ ದಿನಾ ನೋಡ್ತೀರಲ್ಲ ಅಂತ ನಿಮ್ಮ ಮನೆಗೆ ಮಾತ್ರ ಮಾಡಲಿಲ್ಲ.”

ಸ್ಪೀಕರ್ ಆನ್ ಇತ್ತು. ಹೆಂಡತಿ ಏನೂ ಹೇಳದೆ ಐರೋಳಿಗೆ ಟ್ಯಾಕ್ಸಿ ಹುಡುಕತೊಡಗಿದಳು.