ಚಾವೆಜ್ ಒಂದೂ ಸೋತಿಲ್ಲ ಅನ್ನೋ ಫಾರ್ವರ್ಡ್ ಬಗ್ಗೆ ಸ್ಪಷ್ಟನೆ

ಮೆಕ್ಸಿಕೋದ ಬಾಕ್ಸರ್ ಹೂಲಿಯೋ ಸೀಸರ್ ಚಾವೆಜ್ ಕೆರಿಯರ್‌ನಲ್ಲಿ ಒಂದೂ ಫೈಟ್ ಸೋಲದೇ ರಿಟೈರ್ ಆದ್ರು ಅಂತ ಒಂದು ಪೋಸ್ಟ್ ಓಡಾಡ್ತಿದೆ, ಅದು ತಪ್ಪು. ಅವರ ಫೈನಲ್ ರೆಕಾರ್ಡ್ 107 ಗೆಲುವು, 6 ಸೋಲು, 2 ಡ್ರಾ.

ಈ ಗೊಂದಲ ಎಲ್ಲಿಂದ ಬಂತು ಅನ್ನೋದು ಅರ್ಥ ಆಗುತ್ತೆ, ಯಾಕಂದ್ರೆ 1980ರಲ್ಲಿ ಶುರು ಮಾಡಿದವರು 1993ರ ಸೆಪ್ಟೆಂಬರ್‌ವರೆಗೂ 87 ಫೈಟ್ ಆಡಿ ಎಲ್ಲಾ ಗೆದ್ದಿದ್ರು, ಆಮೇಲೆ ಸ್ಯಾನ್ ಆಂಟೋನಿಯೋದಲ್ಲಿ ಪರ್ನೆಲ್ ವಿಟೇಕರ್ ಜೊತೆ ಡ್ರಾ ಆಯ್ತು, ಅದು ಕೂಡ ವಿಟೇಕರ್ ಗೆದ್ದಿದ್ದ ಫೈಟೇ ಅಂತ ತುಂಬಾ ಜನ ಹೇಳ್ತಾರೆ, ನಂಗೂ ಹಾಗೇ ಅನ್ಸುತ್ತೆ. ಮೊದಲ ಸೋಲು ಬಂದಿದ್ದು 1994ರ ಜನವರಿ 29ಕ್ಕೆ, ಲಾಸ್ ವೇಗಸ್‌ನಲ್ಲಿ ಫ್ರಾಂಕಿ ರಾಂಡಲ್ ಕೈಲಿ, 11ನೇ ರೌಂಡಲ್ಲಿ ಚಾವೆಜ್ ಕೆಳಗೂ ಬಿದ್ರು, ಅವರು ನಾಕ್‌ಡೌನ್ ಆಗಿದ್ದು ಅದೇ ಫಸ್ಟ್. ಅದೇ ವರ್ಷ ಮೇನಲ್ಲಿ ರಾಂಡಲ್‌ನ ಸೋಲಿಸಿ ಬೆಲ್ಟ್ ವಾಪಸ್ ತಗೊಂಡ್ರು. ಆಮೇಲೆ 1996, 1998ರಲ್ಲಿ ಎರಡು ಸಲ ಆಸ್ಕರ್ ಡೆ ಲಾ ಹೋಯಾಗೆ ಸೋತ್ರು. ಕೊನೇ ಫೈಟ್ 2005ರದ್ದು, ಅದೂ ಸೋಲೇ.

ಒಂದೂ ಸೋಲದೇ ರಿಟೈರ್ ಆದ ಮೆಕ್ಸಿಕನ್ ಚಾಂಪಿಯನ್ ಬೇಕಂದ್ರೆ ರಿಕಾರ್ಡೋ ಲೋಪೆಜ್ ಇದ್ದಾರೆ, 51 ಗೆಲುವು, 1 ಡ್ರಾ. ಅವರ ಹೆಸರು ಹಾಕಿ ಶೇರ್ ಮಾಡಿ, ದಯವಿಟ್ಟು.