ಅಧ್ಯಯನ ಆಗ್ಲಿ, ಆಮೇಲೆ ನೋಡೋಣ

‘ಇದರ ಪರಿಣಾಮದ ಬಗ್ಗೆ ಅಧ್ಯಯನ ಆಗಬೇಕು’ ಎಂದು ಯಾವುದಾದರೂ ಶಾಸಕರು ಟಿವಿಯಲ್ಲಿ ಹೇಳಿದರೆ ನಾನು ನಿಶ್ಚಿಂತೆಯಿಂದ ಊಟಕ್ಕೆ ಏಳುತ್ತೇನೆ. ಆ ಕೆಲಸ ಸದ್ಯಕ್ಕಂತೂ ಆಗುವುದಿಲ್ಲ. ಅಧ್ಯಯನದ ಸುದ್ದಿಯೇ ಇಲ್ಲದಿದ್ದಾಗ ಮಾತ್ರ ಜೇಬು ಮುಟ್ಟಿ ನೋಡಿಕೊಳ್ಳಬೇಕು.

2024ರ ಜೂನ್ 15ರಂದು ಹಾಗೇ ಆಯಿತು. ಲೋಕಸಭೆ ಫಲಿತಾಂಶ ಬಂದು ಎರಡು ವಾರವೂ ಆಗಿರಲಿಲ್ಲ. ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಲೀಟರಿಗೆ ಮೂರು ರೂಪಾಯಿ ಜಾಸ್ತಿ. ಒಂದು ಆದೇಶ ಹೊರಟಿತು, ಅಷ್ಟೇ. ಪರಿಣಾಮದ ಅಧ್ಯಯನವನ್ನು ನಾನೇ ಮಾಡಿದೆ, ಬಂಕಿನಲ್ಲಿ ಮೀಟರ್ ನೋಡುತ್ತಾ.

ಮರುವರ್ಷ ಜುಲೈನಲ್ಲಿ ಇನ್ನೊಂದು ಪಜೀತಿ. ಬಾಮೈದನ ಜೊತೆ ನಮ್ಮ ಬೀದಿಯ ಬೇಕರಿಗೆ ಹೋಗಿದ್ದೆ. ಎರಡು ಟೀ, ಎರಡು ದಿಲ್‌ಪಸಂದ್ ಮುಗಿಸಿ ಫೋನ್ ತೆಗೆದರೆ ಗೋಡೆಯಲ್ಲಿ ಕ್ಯೂಆರ್ ಕೋಡೇ ಇಲ್ಲ! ಅದು ಇದ್ದ ಜಾಗದಲ್ಲಿ ಅಂಟಿನ ಗುರುತು ಮಾತ್ರ. ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ರಟ್ಟಿನ ಬೋರ್ಡ್ ನೇತಾಡುತ್ತಿತ್ತು. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿತ್ತಲ್ಲ, ಆ ಸಮಯ. ಗಲಾಟೆ ಜೋರಾದ ಮೇಲೆ ಹಳೆ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಹೇಳಿದರು. ಆದರೆ ಆ ಹೊತ್ತಿಗೆ ನನ್ನ ಮಾನ ಹೋಗಿ ಆಗಿತ್ತು. ನನ್ನ ಪರ್ಸಿನಲ್ಲಿ ಇದ್ದದ್ದು ಒಂದು ಪಾಸ್‌ಪೋರ್ಟ್ ಸೈಜ್ ಫೋಟೊ, ಮಂತ್ರಾಲಯದ ಕುಂಕುಮ.

ಬಾಮೈದ ನೂರರ ನೋಟು ತೆಗೆದ. ನನಗೆ ಆಶ್ಚರ್ಯ. ಅವನು ದಿನವಿಡೀ ಫೋನಿನಲ್ಲಿ ರಮ್ಮಿ ಆಡುವವನು.

“ಬ್ಯಾಂಕಲ್ಲಿರೋದೆಲ್ಲ ರಮ್ಮಿಗೆ ಭಾವ. ಅದಕ್ಕೇ ಟೀ ಕಾಸು ಬೇರೆ ಇಟ್ಕೊಂಡಿರ್ತೀನಿ” ಅಂದ.

ಅವನ ರಮ್ಮಿಗೆ ಸಿಕ್ಕಷ್ಟು ಅಧ್ಯಯನದ ಭಾಗ್ಯ ನನ್ನ ಪೆಟ್ರೋಲಿಗೆ ಸಿಕ್ಕಿಲ್ಲ. 2021ರಲ್ಲಿ ಜಿಎಸ್‌ಟಿ ಮಂಡಳಿ ಆನ್‌ಲೈನ್ ಆಟ, ಕ್ಯಾಸಿನೊ, ಕುದುರೆ ರೇಸಿಗೆ ತೆರಿಗೆ ಹೇಗೆ ಹಾಕುವುದು ಎಂದು ನೋಡಲು ಮಂತ್ರಿಗಳ ಗುಂಪು ಮಾಡಿತು. ಕಟ್ಟಿದ ಪೂರ್ತಿ ದುಡ್ಡಿಗೋ, ಕಂಪನಿಗೆ ಉಳಿಯುವ ಪಾಲಿಗೋ? ಒಂದು ವರದಿ ಬಂತು, ವಾಪಸ್ ಹೋಯಿತು, ಮತ್ತೊಂದು ಬಂತು. ಪೂರ್ತಿ ದುಡ್ಡಿಗೆ ಶೇ 28 ಎಂದು ತೀರ್ಮಾನವಾದದ್ದು 2023ರ ಜುಲೈನಲ್ಲಿ. ಅದಕ್ಕೂ ಕೆಲವು ರಾಜ್ಯಗಳ ತಕರಾರು. ಸರಿ, ಜಾರಿಯಾಗಿ ಆರು ತಿಂಗಳಾದ ಮೇಲೆ ಮತ್ತೆ ನೋಡೋಣ ಎಂದರು.

ನಮ್ಮ ರಾಜ್ಯದವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. 2021ರಲ್ಲೇ ಆನ್‌ಲೈನ್ ಜೂಜು ನಿಷೇಧಿಸುವ ಕಾನೂನು ತಂದರು. ಆದರೆ ಕುದುರೆ ರೇಸಿನ ಬಾಜಿಗೆ ವಿನಾಯಿತಿ. ಫೋನಿನಲ್ಲಿ ರಾಣಿ, ಗುಲಾಮ ಕೂಡಿಸಿದರೆ ಸಂಸಾರ ಹಾಳು, ಕುದುರೆ ಓಡಿದರೆ ಏನೂ ಆಗಲ್ಲ! ಇದನ್ನು ಯಾವ ಅಧ್ಯಯನದಲ್ಲಿ ಕಂಡುಕೊಂಡರೋ. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ಕಾನೂನಿನ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಬಾಮೈದ ಅವತ್ತು ಮೈಸೂರ್ ಪಾಕ್ ಹಂಚಿದ್ದ.

ಪಕ್ಷ ಯಾವುದಾದರೂ ಇರಲಿ, ವಿರೋಧದ ಸಾಲಿನಲ್ಲಿ ಕೂತವರಿಗೆ ಎಲ್ಲದಕ್ಕೂ ಅಧ್ಯಯನ ಬೇಕು. ಕುರ್ಚಿ ಆ ಕಡೆಯಿಂದ ಈ ಕಡೆಗೆ ಬಂದರೆ ಸಾಕು, ಎಲ್ಲವೂ ಓದದೇ ಅರ್ಥವಾಗಿಬಿಡುತ್ತದೆ.

ಆಮೇಲೆ 2025ರ ಆಗಸ್ಟ್ ಬಂತು. 20ರಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸುವ ಮಸೂದೆ ಲೋಕಸಭೆಗೆ ಬಂದು, ಗದ್ದಲದ ನಡುವೆ ಅವತ್ತೇ ಪಾಸಾಯಿತು. 21ಕ್ಕೆ ರಾಜ್ಯಸಭೆ. 22ಕ್ಕೆ ರಾಷ್ಟ್ರಪತಿಗಳ ಅಂಕಿತ. ತೆರಿಗೆ ಎಷ್ಟು ಎನ್ನಲು ಎರಡು ವರ್ಷ, ಆಟವೇ ಬೇಡ ಎನ್ನಲು ಮೂರು ದಿನ. ನಮ್ಮ ಓಣಿಯ ಮೋರಿ ಕಟ್ಟಿಕೊಂಡಿದೆ ಎಂದು ದೂರು ಕೊಟ್ಟರೆ ಮೂರು ದಿನದಲ್ಲಿ ಒಂದು ಫೋನೂ ಬರುವುದಿಲ್ಲ.

ನಿಷೇಧ ತಪ್ಪು ಅಂತ ನಾನು ಹೇಳುತ್ತಿಲ್ಲ. ಬಾಮೈದನ ಹೆಂಡತಿ ಅವತ್ತು ದೇವರಿಗೆ ತುಪ್ಪದ ದೀಪ ಹಚ್ಚಿದಳು. ಅವಳ ಹತ್ತಿರ ಅಧ್ಯಯನಕ್ಕೆ ಬೇಕಾದ ಅಂಕಿ ಅಂಶ ಎಲ್ಲ ಇತ್ತು, ಅಡವಿಟ್ಟ ಬಳೆಯ ರಸೀದಿ ಸಮೇತ. ಅವಳನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ಮತ್ತೆ ಸೇರಿತು. ಶೇ 40 ತೆರಿಗೆಯ ಪಟ್ಟಿಯಲ್ಲಿ ಕ್ಯಾಸಿನೊ, ಕುದುರೆ ರೇಸು, ಲಾಟರಿ, ಜೊತೆಗೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ. ಎರಡು ವಾರದ ಹಿಂದೆ ಬೇಡ ಎಂದ ಅದೇ ಆಟ!

ಬಾಮೈದ ಪೇಪರನ್ನು ಎರಡೆರಡು ಸಲ ಓದಿ ನನ್ನ ಮುಖ ನೋಡಿದ.

“ಭಾವ, ಕದ್ದುಮುಚ್ಚಿ ಆಡಿದ್ರೂ ಜಿಎಸ್‌ಟಿ ಬಿಲ್ ಕೊಡ್ತಾರಾ?”