ಟಾಸ್‌ಗಿಂತ ಮೊದಲಿನ ಆಟ

ಭಾನುವಾರದ ಕ್ಲಬ್ ಕ್ರಿಕೆಟ್ ತಂಡದ ನಾಯಕನ ಬಗ್ಗೆ ಲೇಖನವೊಂದನ್ನು ಓದಿದೆ; ಅವನಿಗೆ ಬೇಕಾದದ್ದು ತಂತ್ರಗಾರಿಕೆ ಎಂಬ ಅದರ ಲೇಖಕರ ಮಾತನ್ನು ಒಪ್ಪಲಾರೆ. ಅದಕ್ಕೆ ಇಂಗ್ಲೆಂಡ್ ತಂಡದ ಹಿಂದಿನ ನಾಯಕ ಮೈಕ್ ಬ್ರೇರ್ಲಿಯವರನ್ನು ಸಾಕ್ಷಿಗೆ ಕರೆದದ್ದಂತೂ ಅನ್ಯಾಯ. ಅವರು 39 ಟೆಸ್ಟ್‌ಗಳಲ್ಲಿ ಒಂದೂ ಶತಕ ಹೊಡೆಯದೆ, ನಾಯಕತ್ವ ವಹಿಸಿದ 31ರಲ್ಲಿ 18 ಗೆದ್ದರು, ನಿಜ. ಆದರೆ ಅವರು ತಮ್ಮ ತಂಡದ ಬಾಥಮ್ ಎದ್ದಿದ್ದಾರೋ ಇಲ್ಲವೋ ಎಂದು ಬೆಳಗಿನ ಆರಕ್ಕೆ ಹನ್ನೆರಡು ಸಲ ಫೋನ್ ಮಾಡಬೇಕಾಗಿರಲಿಲ್ಲ. ಚೆಂಡಿನ ದುಡ್ಡಿಗಾಗಿ ತಮ್ಮ ಬೌಲರ್ ವಿಲ್ಲಿಸ್ ಅವರ ಬೆನ್ನು ಹತ್ತಬೇಕಾಗಿರಲಿಲ್ಲ.

ಬೆಂಗಳೂರಿನಲ್ಲಿ ಆರು ವರ್ಷ ಇಂಥ ತಂಡವೊಂದನ್ನು ನಡೆಸಿದವನು ನಾನು. ಟಾಸ್‌ಗೆ ಮೊದಲೇ ಆಟಗಾರರ ಹೆಸರು ಬರೆದುಕೊಡಬೇಕು ಎನ್ನುತ್ತದೆ ನಿಯಮ. ನಮಗೆ ಎಂಟು ಹೆಸರು ಸಿಕ್ಕರೆ ಹಬ್ಬ. ಒಂಬತ್ತನೆಯವನು ಸಿಲ್ಕ್ ಬೋರ್ಡ್ ವಾಹನದಟ್ಟಣೆಯಲ್ಲಿ, ಹತ್ತನೆಯವನು ಯಾರದೋ ಗೃಹಪ್ರವೇಶದಲ್ಲಿ, ಹನ್ನೊಂದನೆಯವನು ಎದುರಾಳಿಗಳಿಂದ ಕಡ ತಂದ ಹುಡುಗ. (ಹೆಚ್ಚು ರನ್ ಹೊಡೆಯುತ್ತಿದ್ದವನು ಅವನೇ, ಆ ಮಾತು ಬೇಡ.) ವಿಕೆಟ್ ಕೀಪರ್ ಪಕ್ಕದ ಸ್ಲಿಪ್‌ನಲ್ಲಿ ಯಾರು ಎಂಬುದರಲ್ಲಿ ತಂತ್ರವೇನೂ ಇಲ್ಲ, ಓಡಲಾರದ ಹೊಟ್ಟೆಯವರಿಗೆ ಮೈದಾನದಲ್ಲಿ ಇರುವ ಜಾಗ ಅದೊಂದೇ.

ಇನ್ನು, ಆ ಲೇಖಕರ ಪ್ರಕಾರ ನಾಯಕ ತಾನೇ ಮೊದಲು ಬ್ಯಾಟ್ ಹಿಡಿಯುವುದು ಸ್ವಾರ್ಥವಂತೆ! ಕಿಟ್ ಚೀಲ ಬರುತ್ತಿದ್ದದ್ದು ನನ್ನ ಸ್ಕೂಟರಿನಲ್ಲಿ, ಮೈದಾನದ ಮುಂಗಡ ಹೋಗುತ್ತಿದ್ದದ್ದು ನನ್ನ ಜೇಬಿನಿಂದ, ಮನೆಯಾಕೆಯ ಬೈಗುಳವೂ ನನಗೇ. ಮೂರು ಎಸೆತ ಆಡಿ ಔಟಾಗುವ ಹಕ್ಕನ್ನೂ ಕಸಿದುಕೊಳ್ಳುತ್ತೀರಾ ಸ್ವಾಮಿ? ಅದೂ ಅಂಪೈರ್ ಆಗಿ ನಿಂತ ನಮ್ಮವನೇ, ಹಿಂದಿನ ವಾರ ಬೌಲಿಂಗ್ ಕೊಡದ ಸಿಟ್ಟಿಗೆ, ಮನವಿ ಮುಗಿಯುವ ಮೊದಲೇ ಬೆರಳೆತ್ತುತ್ತಿದ್ದಾಗ?